ಮೊಸಳೆಯ ಬೆನ್ನಿನ ಜಿಪ್ಪು

ಕೆಮಿಯಲ್ಲಿ ಜನವರಿಯೆಂದರೆ ಮಧ್ಯಾಹ್ನ ಎರಡಕ್ಕೇ ದೀಪ.
ಕಡಲು ಕಲ್ಲಾಗಿ, ಅದರ ಮೇಲೆ ಯಾರೋ
ನಾಯಿ ಹಿಡಿದು ನಡೆಯುತ್ತಿರುತ್ತಾರೆ.
ಇಂಥ ದಿನಗಳಲ್ಲಿ ಗುರುವಾರಕ್ಕೊಮ್ಮೆ ನಾವು ನಾಲ್ವರು ಸೇರಿ
ಕೆಟ್ಟ ಸಿನಿಮಾ ನೋಡುತ್ತೇವೆ.
ಸುಮ್ಮನೆ ಕೆಟ್ಟದ್ದಲ್ಲ,
ಕೆಟ್ಟು ಕೆರ ಹಿಡಿದದ್ದು.

ಶುರುವಾದದ್ದು ರೌನಿಯ ಜಂಬದಿಂದ:
'ನಾನು ಕೊನೇತನಕ ನೋಡಲಾಗದ ಚಿತ್ರ
ಇನ್ನೂ ಹುಟ್ಟಿಲ್ಲ.'
ಮರುವಾರವೇ ವಿಲ್ಯಾಮಿ ತಂದ,
ಕದ್ದ ಕೋಳಿಯ ಹಾಗೆ ಕೋಟಿನೊಳಗೆ ಅವುಚಿಕೊಂಡು,
ಒಂದು ಕ್ಯಾಸೆಟ್ಟು.
ಮೊಸಳೆ ಒಂದೂರನ್ನು ತಿನ್ನುವ ಕಥೆ.
ತಿರುಗಿದಾಗೆಲ್ಲ ಅದರ ಬೆನ್ನಲ್ಲಿ ಜಿಪ್ಪು,
ಕುತ್ತಿಗೆಯಿಂದ ಬಾಲದವರೆಗೆ.
ಊರವರು ಕಿರುಚುತ್ತಿದ್ದರು,
ಒಬ್ಬಳು ಮಾತ್ರ ಕಿರುಚುವ ಮುನ್ನ
ಚೂಯಿಂಗ್ ಗಮ್ ತೆಗೆದು ಕೈಯಲ್ಲಿಟ್ಟುಕೊಂಡಳು.

ನಿಯಮಗಳಿವೆ. ಎದ್ದು ಹೋಗುವಂತಿಲ್ಲ.
ಓಡಿಸಿ ನೋಡುವಂತಿಲ್ಲ.
ಮುಗಿದ ಮೇಲೆ ಎಲ್ಲರೂ ಚಿತ್ರದ ಬಗ್ಗೆ
ಒಂದೊಂದು ಒಳ್ಳೇ ಮಾತು ಹೇಳಲೇಬೇಕು,
ಸುಳ್ಳು ಸಲ್ಲದು.
ತೋಚದವರು ಮುಂದಿನ ವಾರ
ನಾಲ್ವರಿಗೂ ಸಾಲ್ಮನ್ ಸಾರು ಮಾಡಬೇಕು.

ಆವತ್ತು ಓಸ್ಮೊ, ಎಂದಿನಂತೆ ಕೊನೆಗೆ,
ಮೀಸೆ ಒರೆಸಿಕೊಂಡು ಹೇಳಿದ್ದ:
'ಜಿಪ್ಪಿನ ಬಣ್ಣ ಮೊಸಳೆಗೆ ಒಪ್ಪುತ್ತಿತ್ತು.'
ರೌನಿ ಕುರ್ಚಿಯಿಂದ ಕೆಳಗೇ ಬಿದ್ದಳು ನಗುತ್ತ.

ಆಮೇಲೆ ಎಷ್ಟೋ ನೋಡಿದೆವು.
ಚಂದ್ರನ ಮೇಲೆ ಇಳಿದವರ ಹಿಂದೆ
ಹಸಿರು ಬಸ್ಸೊಂದು ಹಾದುಹೋದದ್ದು.
(ವೇಳೆಗೆ ಸರಿಯಾಗಿ ಬಂತು ಅಂದೆ ನಾನು.)
ಗುಂಡು ತಗುಲಿದ ನಾಯಕ ಹನ್ನೊಂದು ನಿಮಿಷ ಸತ್ತದ್ದು.
ನಿಮಿಷ ಎಣಿಸಿದವನು ವಿಲ್ಯಾಮಿ,
ಮುಚ್ಚಿದ ಕಾಗದದ ಗಿರಣಿಯಲ್ಲಿ
ಮೂವತ್ತು ವರ್ಷ ಪಾಳಿ ಎಣಿಸಿದವನು.

ನಾನು ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು.
ಒಳ್ಳೇ ಸಿನಿಮಾ ಬಿಟ್ಟಾಗ
ಜನ ಒಬ್ಬೊಬ್ಬರೇ ಬರುತ್ತಿದ್ದರು,
ತಲೆ ತಗ್ಗಿಸಿ, ಕೋಟಿನ ಗುಂಡಿ ತಡವುತ್ತ.
ಕೆಟ್ಟದ್ದು ಬಿಟ್ಟರೆ ಹಿಂಡು ಹಿಂಡಾಗಿ,
ಗುರುತಿಲ್ಲದವರೂ ಒಬ್ಬರ ತೋಳೊಬ್ಬರು ಹಿಡಿದು,
'ಆ ಗಡ್ಡ ನೋಡಿದಿರಾ? ಗಡ್ಡ?' ಅನ್ನುತ್ತ
ಹಿಮದಲ್ಲಿ ಅರ್ಧ ಗಂಟೆ ನಿಂತೇ ಇರುತ್ತಿದ್ದರು.

ಮೊನ್ನೆ ಓಸ್ಮೊನ ಸರದಿ.
ಎಲೆ ಉದುರುವ ಕಾಲದಿಂದೀಚೆ ಓಸ್ಮೊ
ಚಮಚಕ್ಕೆ 'ಅದು' ಅನ್ನುತ್ತಾನೆ, ಮಂಗಳವಾರಕ್ಕೂ.
ಅವನು ತಂದದ್ದು ರಾಜರ ಕಥೆ. ರಟ್ಟಿನ ಕಿರೀಟ,
ಸಿಂಹಾಸನದ ಕೆಳಗೆ ಬೆಲೆಯ ಚೀಟಿ.
ಸಿಕ್ಕಾಪಟ್ಟೆ ನಕ್ಕೆವು.
ನಡುವೆ ಮುದಿರಾಜ ಎದ್ದುನಿಂತ,
ಕೈಯೆತ್ತಿದ, ಮಾತು ಮರೆತ.

ಮತ್ತೆ ತೆಗೆಯಲು ದುಡ್ಡಿರಲಿಲ್ಲವೇನೋ, ಹಾಗೇ ಬಿಟ್ಟಿದ್ದಾರೆ.
ಎತ್ತಿದ ಕೈ ಎತ್ತಿಯೇ ಇದೆ. ಕಣ್ಣು
ಚೌಕಟ್ಟಿನಾಚೆ ಯಾರನ್ನೋ ಅರಸುತ್ತಿದೆ.
ಆಚೆಯಿಂದ ಒಂದು ಪಿಸುಮಾತು.
ರಾಜ ತಲೆಯಾಡಿಸಿದ, ಮಗುವಿನಂತೆ ನಕ್ಕ,
ಮತ್ತೆ ರಾಜನಾದ.

ನಮ್ಮಲ್ಲಿ ಯಾರೂ ನಗಲಿಲ್ಲ.
ದೀಪ ಹಾಕಿದ ಮೇಲೆ ರೌನಿ ಜಗಳ ತೆಗೆದಳು:
'ಇದು ಮೋಸ. ಇದು ಪಂದ್ಯಕ್ಕೆ ಲಾಯಕ್ಕಲ್ಲ.'
ಯಾಕೆಂದು ವಿಲ್ಯಾಮಿ ಕೇಳಿದರೆ
ಕಪ್ಪು ತೊಳೆಯಲು ಒಳಗೆ ಹೋದಳು.

ಒಳ್ಳೇ ಮಾತಿನ ಸರದಿ. ನಾನು ಏನೋ ಅಂದೆ.
ವಿಲ್ಯಾಮಿ ಕಿರೀಟದ ಬಗ್ಗೆ ಅಂದ.
ಓಸ್ಮೊ ಬಾಯಿ ತೆರೆದ.
ಕೈ ಸ್ವಲ್ಪ ಮೇಲೆ ಬಂತು, ಅಲ್ಲೇ ನಿಂತಿತು.
ನಲ್ಲಿ ನಿಂತಿತು. ರೌನಿ ಬಾಗಿಲಲ್ಲಿ, ಒದ್ದೆ ಕೈ.
ಹೊರಗೆ ಹಿಮ ಗೋರುವ ಗಾಡಿ ಬೀದಿಯ ತುದಿಗೆ ಹೋಗಿ
ತಿರುಗಿ ಬರುವಷ್ಟು ಹೊತ್ತು.

'ಜಿಪ್ಪು,' ಅಂದ ಓಸ್ಮೊ.

ಈ ಚಿತ್ರದಲ್ಲಿ ಮೊಸಳೆಯೇ ಇರಲಿಲ್ಲ.
ವಿಲ್ಯಾಮಿ ನನ್ನ ಮುಖ ನೋಡಿದ, ನಾನು ರೌನಿಯ ಮುಖ.
ಅವಳು ಲಂಗಕ್ಕೆ ಕೈ ಒರೆಸಿಕೊಂಡಳು.

'ಹೌದು ಮಾರಾಯ,' ಅಂದಳು,
'ಬಣ್ಣ ಬಲು ಒಪ್ಪುತ್ತಿತ್ತು.'